6 ನಿಮಿಷ 50 ಸೆಕೆಂಡಿನ ಲೆಕ್ಕ



ಈ ವಾರ ನನ್ನದೇ ಒಂದು ತಪ್ಪಿನ ಕತೆ ಹೇಳುತ್ತೇನೆ. ಅದರ ಜೊತೆಗೆ ಮನೆಯ ಕಂಪ್ಯೂಟರ್ ಶುರುವಾಗಲು ಅಷ್ಟು ಹೊತ್ತು ಯಾಕೆ ಬೇಕು ಎನ್ನುವುದೂ ತಿಳಿಯುತ್ತದೆ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಅಂಕಿ ಬಿಟ್ಟು ಕತೆ ಹೇಳಲು ಬರುವುದಿಲ್ಲ. ನಡುನಡುವೆ ಲೆಕ್ಕ ಬಂದರೆ ಸಹಿಸಿಕೊಳ್ಳಿ.

ಶಿವಮೊಗ್ಗದ ನಮ್ಮ ಮನೆಯ ಹಾಲಿನಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ ಒಂದು ಕಂಪ್ಯೂಟರ್ ಇದೆ. ಮಗ ಒಂಬತ್ತು ವರ್ಷದ ಹಿಂದೆ ತಂದದ್ದು. ಈಗ ಅವನಿಗೆ ಆಫೀಸಿನವರೇ ಲ್ಯಾಪ್‌ಟಾಪ್ ಕೊಟ್ಟಿದ್ದಾರೆ. ಹಾಗಾಗಿ ಈ ಹಳೆಯದಕ್ಕೆ ಇಬ್ಬರೇ ವಾರಸುದಾರರು. ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ನಾನು, ಸಂಜೆ ಏಳನೇ ತರಗತಿಯ ಮೊಮ್ಮಗಳು ಪುಟ್ಟಿ. ಅದು ಶುರುವಾಗುವುದು ಬಹಳ ನಿಧಾನ. ಸ್ವಿಚ್ ಒತ್ತಿ ಅಡುಗೆಮನೆಗೆ ಹೋಗಿ ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಇನ್ನೂ ಏನೋ ತಿರುಗುತ್ತಲೇ ಇರುತ್ತಿತ್ತು. ನನಗೇನು ಅವಸರ? ಹಾಗೇ ನಡೆದಿತ್ತು.

ಕಳೆದ ತಿಂಗಳ ಒಂದು ಶನಿವಾರ ಅದು ನಡೆಯಲಿಲ್ಲ. ಪುಟ್ಟಿಯ ಶಾಲೆಯವರು ವಿಜ್ಞಾನ ರಸಪ್ರಶ್ನೆ ಇಟ್ಟಿದ್ದರು. ಮನೆಯಿಂದಲೇ ಕಂಪ್ಯೂಟರಿನಲ್ಲಿ ಉತ್ತರಿಸಬೇಕು. ಒಂಬತ್ತು ಗಂಟೆಗೆ ಸರಿಯಾಗಿ ಪ್ರವೇಶ ಮುಚ್ಚುತ್ತದೆ. ಹುಡುಗಿ ಹದಿನೈದು ದಿನದಿಂದ ಓದಿದ್ದಳು. ಗ್ರಹಗಳು, ಮೂಳೆಗಳು, ಅಣು ಸಂಕೇತಗಳು ಎಂದು ರಾತ್ರಿ ಊಟವಾದ ಮೇಲೆ ನನ್ನ ಕೈಯಲ್ಲಿ ಪುಸ್ತಕ ಕೊಟ್ಟು ಪ್ರಶ್ನೆ ಕೇಳಿಸಿಕೊಳ್ಳುತ್ತಿದ್ದಳು. ಮಗ-ಸೊಸೆ ಅವತ್ತು ಮದುವೆಗೆಂದು ಊರಿಗೆ ಹೋಗಿದ್ದರು. ನನ್ನದು ಗುಂಡಿ ಒತ್ತುವ ಹಳೇ ಮೊಬೈಲು.

ಎಂಟು ಐವತ್ತೈದಕ್ಕೆ ಪುಟ್ಟಿ ಸ್ವಿಚ್ ಒತ್ತಿದಳು. ಒಂಬತ್ತು ಹೊಡೆದಾಗ ಪರದೆಯ ಮೇಲೆ ಚಿತ್ರವೇನೋ ಬಂದಿತ್ತು, ಮೌಸ್ ಒತ್ತಿದರೆ ಮಾತ್ರ ಚಕ್ರ ತಿರುಗುತ್ತಿತ್ತು. ಪುಟ ತೆರೆದಾಗ ಒಂಬತ್ತು ಗಂಟೆ ಮೂರು ನಿಮಿಷ. ಪ್ರವೇಶದ ಸಮಯ ಮುಗಿದಿದೆ ಎಂದು ಬರೆದಿತ್ತು.

ಮಗು ಅಳತೊಡಗಿತು. ಆಗ ಸಮಾಧಾನ ಮಾಡುವುದು ಬಿಟ್ಟು ನಾನೇನು ಹೇಳಿದೆ ಗೊತ್ತೇ? "ದಿನಾ ಆಟ ಹಾಕಿಕೊಂಡು ಕಂಪ್ಯೂಟರನ್ನು ಕೆಡಿಸಿ ಇಟ್ಟವಳು ನೀನೇ. ಈಗ ಅತ್ತರೆ ಏನು ಬಂತು?" ಎಂದೆ.

"ನಾನು ಆಡೋದು ಒಂದೇ ಆಟ ಅಜ್ಜ. ಅದೂ ಭಾನುವಾರ ಮಾತ್ರ," ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಎದ್ದು ಒಳಗೆ ಹೋದವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಸಂಜೆ ಫೋನಿನಲ್ಲಿ ಮಗ, "ಬಿಡಿ ಅಪ್ಪ, ಆ ಡಬ್ಬ ಎಸೆದು ಹೊಸದೇ ತಂದುಬಿಡೋಣ," ಎಂದ. ರಾತ್ರಿ ಮಲಗುವ ಹೊತ್ತಿಗೆ ನಮ್ಮ ಮನೆಯಾಕೆ ಕೇಳಿದಳು: "ಅಲ್ಲಾ ರೀ, ಬ್ಯಾಂಕಿನಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೆ ರಾತ್ರಿ ಹತ್ತರವರೆಗೂ ಕೂತು ಹುಡುಕಿ ಬರುತ್ತಿದ್ದಿರಿ. ಊಟ ಆರಿ ಹೋಗುತ್ತಿತ್ತು. ಈಗ ಒಂದು ಪುಟವನ್ನೂ ತಿರುವಿ ನೋಡದೆ ಮಗುವಿನ ಹೆಸರಿಗೆ ಖರ್ಚು ಬರೆದುಬಿಟ್ಟಿರಲ್ಲ?"

ನನಗೆ ನಿದ್ದೆ ಬರಲಿಲ್ಲ. ಅವಳ ಮಾತು ನಿಜ. ಲೆಕ್ಕ ತಾಳೆಯಾಗದಿದ್ದಾಗ ಪಕ್ಕದ ಕೌಂಟರಿನವನ ಮೇಲೆ ಅನುಮಾನ ಪಡುವವನು ಒಳ್ಳೆಯ ಗುಮಾಸ್ತನಲ್ಲ. ಮೊದಲು ತನ್ನ ವೋಚರುಗಳನ್ನು ಎಣಿಸಬೇಕು.

ಸೋಮವಾರ ಸಂಜೆ ಒಂದು ನೋಟ್ ಪುಸ್ತಕ, ನನ್ನ ಹಳೆಯ ಎಚ್‌ಎಂಟಿ ಕೈಗಡಿಯಾರ ಇಟ್ಟುಕೊಂಡು ಕಂಪ್ಯೂಟರಿನ ಮುಂದೆ ಕುಳಿತೆ. ಶಟ್‌ಡೌನ್ ಮಾಡಿ, ಮತ್ತೆ ಸ್ವಿಚ್ ಒತ್ತಿ, ಸೆಕೆಂಡ್ ಮುಳ್ಳು ನೋಡುತ್ತಿದ್ದೆ. ಬಾಗಿಲ ಬಳಿ ನಿಂತಿದ್ದ ಪುಟ್ಟಿಗೆ ತಡೆಯಲಾಗಲಿಲ್ಲ.

"ಅಜ್ಜ, ಹಾಗೆ ಅಳೆದರೆ ಸರಿಯಾಗಲ್ಲ. ರೀಸ್ಟಾರ್ಟ್ ಮಾಡಿ ಅಳೀಬೇಕು ಅಂತ ಕಂಪ್ಯೂಟರ್ ಮಿಸ್ ಹೇಳಿದಾರೆ."

ಎರಡು ದಿನದ ಮೇಲೆ ಕೇಳಿದ ಮೊದಲ ಮಾತು. ವಿಷಯವೂ ಸರಿಯೇ. 2012ರಲ್ಲಿ ಬಂದ ವಿಂಡೋಸ್ 8ರಿಂದ ಒಂದು ಉಪಾಯ ಸೇರಿಸಿದ್ದಾರೆ, ಫಾಸ್ಟ್ ಸ್ಟಾರ್ಟಪ್ ಎಂದು ಹೆಸರು. ಅದು ಚಾಲೂ ಇದ್ದರೆ ಶಟ್‌ಡೌನ್ ಒತ್ತಿದಾಗ ವಿಂಡೋಸಿನ ಮೂಲ ಭಾಗ ಪೂರ್ತಿ ಮುಚ್ಚುವುದಿಲ್ಲ. ತನ್ನ ಆಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಮರುದಿನ ಆ ಬರಹವನ್ನು ಓದಿ ಅಲ್ಲಿಂದಲೇ ಮುಂದುವರಿಯುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಎಲ್ಲವನ್ನೂ ಮೊದಲಿನಿಂದ ಶುರುಮಾಡುತ್ತದೆ. ಕಂಪ್ಯೂಟರ್ ಏನೋ ಹಟ ಮಾಡಿದಾಗ, ರೀಸ್ಟಾರ್ಟ್ ಮಾಡಿ ಎಂದು ತಿಳಿದವರು ಹೇಳುವುದು ಇದಕ್ಕೇ.

ಪುಟ್ಟಿ ಗಡಿಯಾರ ಹಿಡಿದಳು, ನಾನು ಬರೆದುಕೊಂಡೆ. ಒಟ್ಟು ಸಮಯವನ್ನು ನಾಲ್ಕು ಭಾಗ ಮಾಡಿದೆವು.

ಪರದೆ ಪೂರ್ತಿ ಕಪ್ಪಾದಾಗಿನಿಂದ ವಿಂಡೋಸಿನ ಚಕ್ರ ಕಾಣುವವರೆಗೆ 22 ಸೆಕೆಂಡ್. ಅಲ್ಲಿಂದ ಪಾಸ್‌ವರ್ಡ್ ಕೇಳುವವರೆಗೆ 88 ಸೆಕೆಂಡ್. ಪಾಸ್‌ವರ್ಡ್ ಕೊಟ್ಟ ಮೇಲೆ ಡೆಸ್ಕ್‌ಟಾಪ್ ಚಿತ್ರ ಬರುವವರೆಗೆ 50 ಸೆಕೆಂಡ್. ಚಿತ್ರ ಬಂದ ಮೇಲೆ, ಒತ್ತಿದ್ದು ನಿಜವಾಗಿ ತೆರೆಯುವವರೆಗೆ 250 ಸೆಕೆಂಡ್. ಮೊತ್ತ 410 ಸೆಕೆಂಡ್, ಅಂದರೆ 6 ನಿಮಿಷ 50 ಸೆಕೆಂಡ್. ಮೂರು ಸಲ ಅಳೆದೆವು. ಐದಾರು ಸೆಕೆಂಡು ಹೆಚ್ಚುಕಮ್ಮಿ, ಅಷ್ಟೇ.

ಈ ನಾಲ್ಕು ಭಾಗದಲ್ಲಿ ಒಳಗೆ ಏನು ನಡೆಯುತ್ತದೆ? ಪುಟ್ಟಿಗೆ ಬ್ಯಾಂಕಿನ ಬೆಳಗಿನ ಉದಾಹರಣೆ ಕೊಟ್ಟೆ.

ನಮ್ಮ ಕಾಲದ ಶಾಖೆಯಲ್ಲಿ ಹತ್ತೂವರೆಗೆ ಬಾಗಿಲು ತೆರೆದರೆ ಗ್ರಾಹಕರು ಒಳಗೆ ಬರುತ್ತಿದ್ದರು. ಆದರೆ ಅಷ್ಟರೊಳಗೆ ನಾವು ಮಾಡಿ ಮುಗಿಸಬೇಕಾದ ಕೆಲಸ ಬಹಳವಿತ್ತು. ಮೊದಲು ದೀಪ ಹಾಕಿ ಎಲ್ಲ ನೆಟ್ಟಗಿದೆಯೇ ಎಂದು ನೋಡುವುದು. ಮ್ಯಾನೇಜರರ ಬಳಿ ಒಂದು ಕೀಲಿ, ಕ್ಯಾಷಿಯರ್ ಬಳಿ ಒಂದು ಕೀಲಿ, ಎರಡೂ ಸೇರಿದರೇ ಸ್ಟ್ರಾಂಗ್ ರೂಮ್ ತೆರೆಯುವುದು. ಆಮೇಲೆ ಲೆಡ್ಜರುಗಳನ್ನು ಹೊತ್ತು ತಂದು ಕೌಂಟರಿನಲ್ಲಿ ಜೋಡಿಸುವುದು. ಮುದ್ರೆಯಲ್ಲಿ ದಿನಾಂಕ ತಿರುಗಿಸುವುದು. ಕೊನೆಗೆ ಬಾಗಿಲು.

ಕಂಪ್ಯೂಟರಿನದ್ದೂ ಹೀಗೆಯೇ. ಅದು ಕೆಲಸ ಮಾಡುವ ಜಾಗಕ್ಕೆ ರ‍್ಯಾಮ್ ಎನ್ನುತ್ತಾರೆ. ಕರೆಂಟು ಹೋದರೆ ಅಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಪ್ರತಿ ಸಲ ಶುರುವಾಗುವಾಗ ಅದು ಬರಿ ಸ್ಲೇಟು. ಡಿಸ್ಕಿನಿಂದ ವಿಂಡೋಸನ್ನು ತಂದು ಆ ಸ್ಲೇಟಿನಲ್ಲಿ ತುಂಬಬೇಕು. ತುಂಬುವುದಕ್ಕೂ ಒಂದು ಪ್ರೋಗ್ರಾಂ ಬೇಕಲ್ಲ, ಅದನ್ನು ತುಂಬುವವರು ಯಾರು?

ಈ ಪ್ರಶ್ನೆ ಹಳೆಯದು. 1975ರಲ್ಲಿ ಅಮೆರಿಕದಲ್ಲಿ ಬಂದ ಆಲ್ಟೇರ್ 8800 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಆ ಮೊದಲ ಕೆಲವು ಆದೇಶಗಳನ್ನು ಮನುಷ್ಯನೇ ಮುಂದಿನ ಸ್ವಿಚ್ಚುಗಳನ್ನು ಮೇಲೆ-ಕೆಳಗೆ ಒತ್ತಿ ಕೊಡಬೇಕಿತ್ತು. ಈಗ ಅದನ್ನು ಅಳಿಯದಂತೆ ಒಂದು ಚಿಪ್ಪಿನಲ್ಲಿ ಬರೆದಿಟ್ಟಿರುತ್ತಾರೆ. ಹಳೆಯದರಲ್ಲಿ ಅದರ ಹೆಸರು ಬಯೋಸ್, ಹೊಸದರಲ್ಲಿ ಯುಇಎಫ್‌ಐ. ಸ್ವಿಚ್ ಒತ್ತಿದ ಕೂಡಲೇ ಪ್ರೊಸೆಸರ್ ಮೊದಲು ಓದುವುದು ಇದನ್ನೇ. ಇಂಗ್ಲಿಷಿನಲ್ಲಿ, ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ಮೇಲೇಳುವುದು ಎಂದು ಒಂದು ಮಾತಿದೆ. ಆ ಪಟ್ಟಿಗೆ ಬೂಟ್‌ಸ್ಟ್ರ್ಯಾಪ್ ಎನ್ನುತ್ತಾರೆ. ಕಂಪ್ಯೂಟರ್ ಬೂಟ್ ಆಯಿತು ಎನ್ನುವ ಮಾತು ಬಂದದ್ದು ಅಲ್ಲಿಂದ.

ನಮ್ಮ ಮೊದಲ 22 ಸೆಕೆಂಡು ಈ ಚಿಪ್ಪಿನದು. ರ‍್ಯಾಮ್ ಇದೆಯೇ, ಕೀಬೋರ್ಡ್ ಇದೆಯೇ, ಡಿಸ್ಕ್ ಇದೆಯೇ ಎಂದು ಹಾಜರಿ ತೆಗೆದುಕೊಂಡು ವಿಂಡೋಸನ್ನು ಕರೆಯುತ್ತದೆ. ದಿನಾಂಕದ ಮುದ್ರೆಯೂ ಅಲ್ಲೇ ಇದೆ. ಅದಕ್ಕಾಗಿ ಒಳಗೆ ನಾಣ್ಯದ ಆಕಾರದ ಒಂದು ಬ್ಯಾಟರಿ ಇರುತ್ತದೆ. ಹಳೇ ಕಂಪ್ಯೂಟರ್ ದಿನಾ ಬೆಳಗ್ಗೆ ಯಾವುದೋ ಕಾಲದ ತಾರೀಖು ತೋರಿಸಿದರೆ ಆ ಬ್ಯಾಟರಿ ಮುಗಿದಿರುವ ಸಂಭವವೇ ಹೆಚ್ಚು.

ಎರಡನೇ ಭಾಗದಲ್ಲಿ ವಿಂಡೋಸಿನ ಮೂಲ ಭಾಗವೂ, ಪರದೆ, ಶಬ್ದ, ನೆಟ್‌ವರ್ಕ್ ನಡೆಸುವ ಡ್ರೈವರುಗಳೂ ಡಿಸ್ಕಿನಿಂದ ಬರುತ್ತವೆ. ಮೂರನೆಯದರಲ್ಲಿ ನಮ್ಮ ಹೆಸರಿನ ಡೆಸ್ಕ್‌ಟಾಪ್ ಸಿದ್ಧವಾಗುತ್ತದೆ. ನಾಲ್ಕನೆಯದು?

"ಬಾಗಿಲು ತೆರೆದಾಯ್ತು, ಚಿತ್ರವೂ ಬಂತು. ಆಮೇಲೂ ನಾಲ್ಕು ನಿಮಿಷ ಯಾಕೆ ಅಜ್ಜ?" ಎಂದಳು ಪುಟ್ಟಿ. ಒಟ್ಟು ಸಮಯದ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಗುತ್ತಿತ್ತು. ವ್ಯತ್ಯಾಸ ಇರುವ ಪುಟ ಸಿಕ್ಕಿತು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಸ್ಟಾರ್ಟಪ್ ಎಂಬ ಭಾಗವಿದೆ. ನಾವು ಕರೆಯದೆಯೇ, ವಿಂಡೋಸ್ ಏಳುತ್ತಿದ್ದಂತೆ ತಾವಾಗಿಯೇ ಎದ್ದು ಬರುವ ಪ್ರೋಗ್ರಾಂಗಳ ಹಾಜರಿ ಪಟ್ಟಿ ಅದು. ಯಾವುದರ ಹೊರೆ ಎಷ್ಟು, ಹೆಚ್ಚೋ ಮಧ್ಯಮವೋ ಕಡಿಮೆಯೋ ಎಂದೂ ತೋರಿಸುತ್ತದೆ.

ನಮ್ಮದರಲ್ಲಿ ಹದಿನಾಲ್ಕು ಹೆಸರಿದ್ದವು. ಪುಟ್ಟಿಯ ಆಟ ಆ ಪಟ್ಟಿಯಲ್ಲಿ ಇರಲೇ ಇಲ್ಲ.

ಪುಟ್ಟಿ ಏನೂ ಹೇಳಲಿಲ್ಲ. ನನ್ನ ಮುಖ ನೋಡಿದಳು, ಅಷ್ಟೇ.

ಹಾಗಾದರೆ ಇದ್ದವರು ಯಾರು? ಸೆಟ್ಟಿಂಗ್ಸಿನಲ್ಲಿ ಆ್ಯಪ್‌ಗಳ ಪಟ್ಟಿ ತೆರೆದರೆ ಯಾವುದನ್ನು ಯಾವತ್ತು ಹಾಕಿದ್ದು ಎಂದು ತಾರೀಖೂ ಸಿಗುತ್ತದೆ. ನಾನು ಡೈರಿ ಬರೆಯುವವನು. ಡೈರಿಯನ್ನೂ ಆ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿದೆವು. ಕೊಟ್ಟು ಕಳಿಸಿ ಮೂರು ವರ್ಷವಾದ ಪ್ರಿಂಟರಿನ ಸಹಾಯಕ ಪ್ರೋಗ್ರಾಂ. ಮಗ ಹಾಕಿದ್ದ ಮೀಟಿಂಗಿನವು ಎರಡು. ಫೋನಿನ ಫೋಟೋ ಇಳಿಸುವುದು ಒಂದು. ಹಾಡಿನದು ಒಂದು. ಇವು ಐದು. ಉಳಿದ ಒಂಬತ್ತೂ ವಾರದ ದಿನಗಳಲ್ಲಿ, ಪುಟ್ಟಿ ಶಾಲೆಗೆ ಹೋಗಿದ್ದ ದಿನಗಳಲ್ಲಿ ಹಾಕಿದವು. ಕರೆಂಟು ಬಿಲ್ಲು ಕಟ್ಟಿದ ದಿನ ಒಂದು. ರೈಲಿನ ಟಿಕೆಟ್ ನೋಡಿದ ದಿನ ಎರಡು. ಪಂಚಾಂಗ ಬೇಕೆಂದು ಹುಡುಕಿದ ದಿನ, ಪಂಚಾಂಗದ ಜೊತೆಗೆ ಇನ್ನೂ ಮೂರು. ಎಲ್ಲಕ್ಕಿಂತ ನಗು ತರಿಸುವುದೆಂದರೆ, ನಿಮ್ಮ ಕಂಪ್ಯೂಟರಿನ ವೇಗ ಹೆಚ್ಚಿಸುತ್ತೇವೆ ಎಂದು ಹೇಳಿಕೊಂಡು ಬಂದ ಉಚಿತ ಪ್ರೋಗ್ರಾಂಗಳು ಎರಡು. ಹೊರೆ ಹೆಚ್ಚು ಎಂದು ಬರೆದದ್ದು ಅವುಗಳ ಮುಂದೆಯೇ.

ಪರದೆಯ ಮೇಲೆ ಏನೋ ಬಂದರೆ ಓದದೆ ಸರಿ, ಸರಿ ಎಂದು ಒತ್ತುತ್ತಾ ಹೋಗುವವನು ಈ ಮನೆಯಲ್ಲಿ ಒಬ್ಬನೇ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ ಎಂದು ಮೂವತ್ತಾರು ವರ್ಷ ಗ್ರಾಹಕರಿಗೆ ಹೇಳಿದವನೂ ಅವನೇ.

ಬ್ಯಾಂಕಿನ ಲೆಡ್ಜರಿನಲ್ಲಿ ತಪ್ಪು ಬರೆದರೆ ಅದನ್ನು ಉಜ್ಜಿ ಅಳಿಸುವಂತಿಲ್ಲ. ಓದಲು ಬರುವಂತೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಬೇಕು. ತಪ್ಪು ಮಾಡಿದವನು ಯಾರು ಎಂದು ಮುಂದೆ ನೋಡುವವರಿಗೂ ಗೊತ್ತಾಗಬೇಕು. ನಾನು ಆ ನೋಟ್ ಪುಸ್ತಕದಲ್ಲಿ ಹಾಗೆಯೇ ಮಾಡಿದೆ. ಮೊದಲ ಪುಟದಲ್ಲಿ 'ಕಾರಣ: ಪುಟ್ಟಿಯ ಆಟ' ಎಂದು ಬರೆದುಕೊಂಡಿದ್ದೆ. ಅದಕ್ಕೆ ಗೆರೆ ಎಳೆದು 'ಕಾರಣ: ಅಜ್ಜ' ಎಂದು ಬರೆದು ಸಹಿ ಹಾಕಿ ಪುಟ್ಟಿಯ ಕೈಗೆ ಕೊಟ್ಟೆ. "ತಪ್ಪಾಯ್ತು ಪುಟ್ಟಿ," ಎಂದೆ. ಅವಳು ಓದಿ, "ತಾರೀಖು ಹಾಕಿಲ್ಲ ನೀನು," ಎಂದಳು. ತಾರೀಖೂ ಹಾಕಿದೆ.

ಪಟ್ಟಿಯಲ್ಲಿ ಬೇಡದ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಡಿಸೇಬಲ್ ಎಂದು ಬರುತ್ತದೆ. ಹಾಗೆ ಮಾಡಿದರೆ ಪ್ರೋಗ್ರಾಂ ಅಳಿಸಿಹೋಗುವುದಿಲ್ಲ, ತಾನಾಗಿ ಏಳುವುದನ್ನು ಬಿಡುತ್ತದೆ, ಅಷ್ಟೇ. ಬೇಕಾದಾಗ ನಾವೇ ಕರೆಯಬಹುದು. ಹನ್ನೊಂದಕ್ಕೆ ಹಾಗೆ ಮಾಡಿದೆವು. ವೇಗದ ಹೆಸರಿನ ಆ ಎರಡನ್ನು ಮಾತ್ರ ಪೂರ್ತಿ ತೆಗೆದೇ ಹಾಕಿದೆವು. ಮತ್ತೆ ಅಳೆದಾಗ ನಾಲ್ಕನೇ ಭಾಗ 250 ಸೆಕೆಂಡಿನಿಂದ 75ಕ್ಕೆ ಇಳಿಯಿತು. ಒಟ್ಟು 3 ನಿಮಿಷ 55 ಸೆಕೆಂಡ್. ಒಂದು ರೂಪಾಯಿ ಖರ್ಚಿಲ್ಲ.

ಉಳಿದ ನಿಧಾನಕ್ಕೆ ಕಾರಣ ಕೇಳಲು ಪರಿಚಯದ ರಿಪೇರಿ ಅಂಗಡಿಗೆ ಹೋದೆವು. ಅಲ್ಲಿನ ಹುಡುಗ ಒಂದು ಹಳೇ ಹಾರ್ಡ್ ಡಿಸ್ಕ್ ಬಿಚ್ಚಿ ತೋರಿಸಿದ. ಒಳಗೆ ಕನ್ನಡಿಯ ಹಾಗೆ ಹೊಳೆಯುವ ತಟ್ಟೆ, ಅದರ ಮೇಲೆ ಆಡುವ ಒಂದು ತೋಳು. ನಮ್ಮಂಥ ಕಂಪ್ಯೂಟರಿನಲ್ಲಿ ಈ ತಟ್ಟೆ ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಕೇಳಲು ಭಾರಿ ವೇಗ. ಆದರೆ ಪ್ರತಿ ಚೂರು ಮಾಹಿತಿಗೂ ತೋಳು ಸರಿಯಾದ ಸಾಲಿಗೆ ಸರಿಯಬೇಕು, ಬೇಕಾದ ಜಾಗ ತಿರುಗಿ ಅದರ ಕೆಳಗೆ ಬರುವವರೆಗೆ ಕಾಯಬೇಕು. ಹೀಗೆ ಅಲ್ಲೊಂದು ಇಲ್ಲೊಂದು ಚೂರು ಹುಡುಕಬೇಕಾದಾಗ ಸೆಕೆಂಡಿಗೆ ಹೆಚ್ಚೆಂದರೆ ನೂರರ ಆಸುಪಾಸು. ವಿಂಡೋಸ್ ಶುರುವಾಗುವಾಗ ಬೇಕಾಗುವುದು ಸಾವಿರಾರು ಚೂರು.

ಒಬ್ಬನೇ ಅಟೆಂಡರ್ ಇರುವ ಶಾಖೆಯಲ್ಲಿ ಹದಿನಾಲ್ಕು ಗುಮಾಸ್ತರು ಒಟ್ಟಿಗೆ "ನನಗೆ ಆ ಲೆಡ್ಜರ್ ತಾ" ಎಂದು ಕೂಗಿದರೆ ಹೇಗೋ ಹಾಗೆ. ಪಾಪ, ಅವನು ಓಡಾಡುತ್ತಲೇ ಇರುತ್ತಾನೆ, ಯಾರ ಕೆಲಸವೂ ಮುಗಿಯುವುದಿಲ್ಲ.

ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಿನಲ್ಲಿ ತಿರುಗುವ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಬರಿ ಚಿಪ್ಪುಗಳು. ಎಲ್ಲ ಲೆಡ್ಜರುಗಳೂ ಎಲ್ಲರ ಕೈಗೆ ಎಟಕುವಂತೆ ತೆರೆದಿಟ್ಟ ಹಾಗೆ. ಹುಡುಗ ನಮ್ಮ ಹಳೇ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಹಾಗೆಯೇ ಹೊಸದಕ್ಕೆ ನಕಲು ಮಾಡಿ ಜೋಡಿಸಿಕೊಟ್ಟ. ಹೊಸ ಕಂಪ್ಯೂಟರಿನ ಬೆಲೆಯ ಹತ್ತರಲ್ಲೊಂದು ಭಾಗವೂ ಆಗಲಿಲ್ಲ.

ಮನೆಗೆ ಬಂದು ಕೊನೆಯ ಸಲ ಅಳೆದೆವು. 20, 13, 5, 10. ಮೊತ್ತ 48 ಸೆಕೆಂಡ್.

"ಅಜ್ಜ, ಉಳಿದದ್ದೆಲ್ಲ ಇಳಿಯಿತು. ಮೊದಲನೇದು ಮಾತ್ರ 22 ಇದ್ದದ್ದು 20 ಆಗಿದೆ, ಅಷ್ಟೇ. ಯಾಕೆ?" ಓದುವ ಮಕ್ಕಳೇ, ನೀವು ಹೇಳಬಲ್ಲಿರಾ? ಆ ಭಾಗದ ಕೆಲಸ ಚಿಪ್ಪಿನ ಹಾಜರಿಯದು. ಹೆಚ್ಚುಕಡಿಮೆ ಡಿಸ್ಕಿನ ಗೊಡವೆಯೇ ಅಲ್ಲಿಲ್ಲ. ಅಟೆಂಡರ್ ಎಷ್ಟು ಚುರುಕಾದರೂ ಮ್ಯಾನೇಜರರ ಕೀಲಿ ಬರುವವರೆಗೆ ಕಾಯಲೇಬೇಕು!

ಹಿಂದಿನ ಕಂಪ್ಯೂಟರುಗಳು ಇನ್ನೂ ನಿಧಾನವಿದ್ದವೇ ಎಂದೂ ಕೇಳಿದಳು. ಎಲ್ಲವೂ ಅಲ್ಲ. 1984ರಲ್ಲಿ ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರ್ ಕಲಿಸಲು ಶುರುಮಾಡಿದ ಕ್ಲಾಸ್ ಎಂಬ ಯೋಜನೆಯಲ್ಲಿ ಬ್ರಿಟನ್ನಿನ ಬಿಬಿಸಿ ಮೈಕ್ರೊ ಯಂತ್ರಗಳನ್ನು ತರಿಸಿದ್ದರು. ಸ್ವಿಚ್ ಹಾಕಿದರೆ ಒಂದು ಬೀಪ್, ಕೂಡಲೇ ಕೆಲಸಕ್ಕೆ ಸಿದ್ಧ. ಅದಕ್ಕೆ ಬೇಕಾದ ಆದೇಶಗಳೆಲ್ಲ 32 ಕಿಲೋಬೈಟಿನಲ್ಲಿ, ಅಳಿಯದ ಚಿಪ್ಪಿನಲ್ಲೇ ಇದ್ದವು. ತರುವುದೂ ಇಲ್ಲ, ತುಂಬುವುದೂ ಇಲ್ಲ. ಆದರೆ ಅದು ಮಾಡುತ್ತಿದ್ದ ಕೆಲಸವೂ ಅಷ್ಟಕ್ಕಷ್ಟೇ.

ನೀವೂ ಅಜ್ಜ ಅಥವಾ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆಯ ಕಂಪ್ಯೂಟರಿನ ಲೆಕ್ಕ ತೆಗೆಯಿರಿ. ರೀಸ್ಟಾರ್ಟ್ ಮಾಡಿ, ನಾಲ್ಕು ಭಾಗ ಬರೆಯಿರಿ. ಮೂರು ಸಲ ಅಳೆಯಿರಿ. ಪಟ್ಟಿಯಲ್ಲಿ ವೈರಸ್ಸಿನಿಂದ ಕಾಯುವ ಪ್ರೋಗ್ರಾಂ ಇದ್ದರೆ ಅದನ್ನು ಮಾತ್ರ ಮುಟ್ಟಬೇಡಿ. ಗೊತ್ತಿಲ್ಲದ ಹೆಸರು ಕಂಡರೆ ತಿಳಿದವರನ್ನು ಕೇಳಿ ಮುಂದುವರಿಯಿರಿ. ವಿಂಡೋಸ್ 10, 11 ಎರಡರಲ್ಲೂ ಈ ಪಟ್ಟಿ ಇದೆ.

ರಸಪ್ರಶ್ನೆಯ ಕತೆ ಏನಾಯಿತು ಎಂದು ಕೇಳುತ್ತೀರಿ. ಅದು ಹೋಯಿತು. ಮರುವಾರ ನಾನೇ ಶಾಲೆಗೆ ಹೋಗಿ, ತಡವಾದದ್ದು ಹುಡುಗಿಯ ತಪ್ಪಲ್ಲ, ನನ್ನದು ಎಂದು ಮಿಸ್ಸಿಗೆ ಹೇಳಿ ಬಂದೆ. ಒಬ್ಬರಿಗಾಗಿ ಮತ್ತೆ ನಡೆಸಲಾಗುವುದಿಲ್ಲ, ಮುಂದಿನ ಅವಧಿಯಲ್ಲಿ ಇನ್ನೊಂದಿದೆ ಎಂದರು. ನ್ಯಾಯವೇ. ಹದಿನೈದು ದಿನ ಓದಿದ್ದನ್ನು ನಾನು ವಾಪಸು ಕೊಡಲಾರೆ. ಆ ಬಾಕಿ ನನ್ನ ಖಾತೆಯಲ್ಲೇ ಇದೆ.

ನೋಟ್ ಪುಸ್ತಕ ಈಗ ಪುಟ್ಟಿಯ ವಶದಲ್ಲಿದೆ. ಪ್ರತಿ ತಿಂಗಳ ಒಂದನೇ ತಾರೀಖು ಅಳೆದು ಬರೆಯುತ್ತಾಳೆ. ಮೊನ್ನೆ 51 ಸೆಕೆಂಡ್ ಬಂದಿತ್ತು. ಸ್ಟಾರ್ಟಪ್ ಪಟ್ಟಿ ತೆರೆದು ನೋಡಿ, ಸೊಂಟದ ಮೇಲೆ ಕೈಯಿಟ್ಟು ನನ್ನ ಮುಂದೆ ಬಂದು ನಿಂತಳು.

"ಅಜ್ಜ, ನಿನ್ನೆ ಬೆಳಗ್ಗೆ ಏನು ಒತ್ತಿದೆ?"

ಮುಂದಿನ ವಾರ ಸಿಗೋಣ.